ನೋವಿಲ್ಲದ ರಕ್ತವನ್ನು ನಂಬಬೇಡಿ

(ಆಳಂದ, ಅಫಜಲಪುರ, ಜೇವರ್ಗಿ ಭಾಗದ ರೈತರ ಮುಂದೆ ಮಾಡಿದ ಭಾಷಣ)



ಇಂಥ ಸಭೆಗಳಲ್ಲಿ ನೀವು ಸಾಮಾನ್ಯವಾಗಿ ಬೀಜ, ಗೊಬ್ಬರ, ನೀರು, ಸಾಲ ಇವುಗಳ ಮಾತನ್ನು ಕೇಳುತ್ತೀರಿ. ಇಂದು ನಾನು ಹೇಳಬೇಕೆಂದಿರುವುದು ಹೊಲದ ಮಾತಲ್ಲ, ಹೊಲದಲ್ಲಿ ದುಡಿಯುವ ದೇಹದ ಮಾತು. ದೊಡ್ಡವರ ಮೂತ್ರಪಿಂಡಕ್ಕೆ ಬರುವ ಕ್ಯಾನ್ಸರ್ ರೋಗವನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ. ಕ್ಯಾನ್ಸರ್ ಎಂದೊಡನೆ ಕೆಲವರಿಗೆ ಅಂಜಿಕೆಯಾದೀತು. ಮೂತ್ರದ ಮಾತೆಂದು ಕೆಲವರಿಗೆ ನಾಚಿಕೆಯಾದೀತು. ಅಂಜಿಕೆ, ನಾಚಿಕೆ ಇವೆರಡೂ ಈ ರೋಗಕ್ಕೆ ಗೊಬ್ಬರವಿದ್ದಂತೆ. ಆದುದರಿಂದ ಮುಚ್ಚುಮರೆಯಿಲ್ಲದೆ ಮಾತನಾಡೋಣ.

ಐವತ್ತು ದಾಟಿದ ಒಬ್ಬ ರೈತನಿದ್ದಾನೆಂದು ಇಟ್ಟುಕೊಳ್ಳಿ. ವೈಶಾಖದ ಬಿಸಿಲಿನಲ್ಲಿ ದಿನವೆಲ್ಲ ಹೊಲ ಹದ ಮಾಡಿ ಸಂಜೆ ಮನೆಗೆ ಬಂದ. ಮೂತ್ರ ಮಾಡಿದಾಗ ಅದು ಮಾಂಸ ತೊಳೆದ ನೀರಿನಂತೆ ಕೆಂಪಗೆ ಕಂಡಿತು. ನೋವಿಲ್ಲ, ಉರಿಯಿಲ್ಲ, ಜ್ವರವಿಲ್ಲ. "ಉಷ್ಣವಾಗಿದೆ" ಎಂದುಕೊಂಡು ಮಜ್ಜಿಗೆ ಕುಡಿದ, ಜೀರಿಗೆ ನೆನೆಸಿದ ನೀರು ಕುಡಿದ. ಎರಡನೆಯ ದಿನಕ್ಕೆ ಮೂತ್ರ ಮೊದಲಿನಂತಾಯಿತು. ಮಜ್ಜಿಗೆಯಿಂದ ಗುಣವಾಯಿತೆಂದು ಮರೆತುಬಿಟ್ಟ. ನಾಲ್ಕು ತಿಂಗಳ ಮೇಲೆ ಮತ್ತೊಂದು ದಿನ ಹಾಗೆಯೇ ಆಯಿತು. ಮತ್ತೆ ಮಜ್ಜಿಗೆ, ಮತ್ತೆ ಸಮಾಧಾನ. ಹೀಗೆ ಒಂದೂವರೆ ವರ್ಷ ಕಳೆಯಿತು. ಕಡೆಗೆ ಪಕ್ಕೆಯಲ್ಲಿ ನೋವು ಹಿಡಿದು, ಅನ್ನ ಸೇರದೆ, ಮೈ ಇಳಿದಾಗ ಮಕ್ಕಳು ಅವನನ್ನು ಪಟ್ಟಣದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಷ್ಟು ಹೊತ್ತಿಗೆ ರೋಗವು ಮೂತ್ರಪಿಂಡವನ್ನು ದಾಟಿ ಶ್ವಾಸಕೋಶಕ್ಕೆ ಹಬ್ಬಿತ್ತು.

ಈ ರೈತನು ಮಾಡಿದ ತಪ್ಪೇನು? ಮಜ್ಜಿಗೆ ಕುಡಿದದ್ದು ತಪ್ಪಲ್ಲ. ರಕ್ತ ನಿಂತದ್ದನ್ನೇ ರೋಗ ನಿಂತಿತೆಂದು ತಿಳಿದದ್ದು ತಪ್ಪು. ನೋವು ಇಲ್ಲವಾದ್ದರಿಂದ ಭಯವೂ ಇಲ್ಲವೆಂದು ತಿಳಿದದ್ದು ಅದಕ್ಕಿಂತ ದೊಡ್ಡ ತಪ್ಪು. ನನ್ನ ಇಂದಿನ ಭಾಷಣದ ತಿರುಳು ಇಷ್ಟೇ: ಮೂತ್ರದಲ್ಲಿ ರಕ್ತ ಒಂದೇ ಒಂದು ಸಲ ಕಂಡರೂ, ನೋವಿಲ್ಲದಿದ್ದರೂ, ತಾನಾಗಿ ನಿಂತುಹೋದರೂ ಪರೀಕ್ಷೆ ಮಾಡಿಸಲೇಬೇಕು.

ಮೂತ್ರಪಿಂಡವೆಂದರೇನು?

ನಾವು ಕಿಡ್ನಿ ಎನ್ನುವುದು ಇದನ್ನೇ. ನಮ್ಮ ಕಡೆ ಗುರ್ದಾ ಎಂದೂ ಹೇಳುತ್ತಾರೆ. ಬೆನ್ನಿನ ಕೆಳಪಕ್ಕೆಲುಬುಗಳ ಒಳಗೆ, ಬೆನ್ನೆಲುಬಿನ ಎಡಕ್ಕೊಂದು ಬಲಕ್ಕೊಂದು ಇವೆ. ಅವರೆ ಬೀಜದ ಆಕಾರ, ನಮ್ಮ ಮುಷ್ಟಿಯಷ್ಟು ಗಾತ್ರ, ಒಂದೊಂದರ ತೂಕ ಸುಮಾರು ೧೫೦ ಗ್ರಾಂ. ಇಷ್ಟು ಸಣ್ಣ ಅಂಗಗಳ ಮೂಲಕ ಒಂದು ನಿಮಿಷಕ್ಕೆ ಒಂದು ಲೀಟರಿಗೂ ಹೆಚ್ಚು ರಕ್ತ ಹಾದುಹೋಗುತ್ತದೆ. ಒಂದೊಂದರಲ್ಲಿಯೂ ಸುಮಾರು ೧೦ ಲಕ್ಷ ಸೋಸುವ ಸಣ್ಣ ಗಂಟುಗಳಿವೆ. ಇವು ದಿನವೊಂದಕ್ಕೆ ಸುಮಾರು ೧೮೦ ಲೀಟರ್ ದ್ರವವನ್ನು ಸೋಸಿ, ದೇಹಕ್ಕೆ ಬೇಕಾದುದನ್ನೆಲ್ಲ ಸಣ್ಣ ನಾಳಗಳ ಮೂಲಕ ಮತ್ತೆ ರಕ್ತಕ್ಕೆ ಸೇರಿಸಿ, ಕಸವನ್ನು ಮಾತ್ರ ಒಂದೂವರೆ ಲೀಟರ್ ಮೂತ್ರವಾಗಿ ಹೊರಗೆ ಹಾಕುತ್ತವೆ. ಕಣದಲ್ಲಿ ರಾಶಿ ತೂರಿ ಕಾಳು ಉಳಿಸಿಕೊಂಡು ಹೊಟ್ಟು ಬಿಡುವಂಥ ಕೆಲಸ ಇದು. ವ್ಯತ್ಯಾಸವೇನೆಂದರೆ, ಈ ಕಣದಲ್ಲಿ ಹಗಲು ರಾತ್ರಿ ರಾಶಿ ನಡೆದೇ ಇರುತ್ತದೆ.

ಇದಲ್ಲದೆ ರಕ್ತದೊತ್ತಡವನ್ನು ಹದದಲ್ಲಿಡುವುದು, ಹೊಸ ರಕ್ತ ಹುಟ್ಟುವಂತೆ ಪ್ರೇರಿಸುವುದು, ಎಲುಬುಗಳನ್ನು ಗಟ್ಟಿಯಾಗಿಡಲು ನೆರವಾಗುವುದು ಇವೂ ಮೂತ್ರಪಿಂಡದ ಕೆಲಸಗಳೇ.

ರೋಗ ಗುಟ್ಟಾಗಿ ಬೆಳೆಯುವುದೇಕೆ?

ನಮ್ಮ ದೇಹವು ಕೋಟಿ ಕೋಟಿ ಸಣ್ಣ ಜೀವಕಣಗಳಿಂದ ಕಟ್ಟಿದ್ದು. ಹಳೆಯ ಕಣ ಸಾಯುವುದು, ಹೊಸದು ಹುಟ್ಟುವುದು ಒಂದು ಲೆಕ್ಕದಂತೆ ನಡೆಯುತ್ತದೆ. ಯಾವುದೋ ಒಂದು ಕಣ ಈ ಲೆಕ್ಕ ತಪ್ಪಿ, ಬೇಡದಿದ್ದರೂ ಬೆಳೆಯುತ್ತ ಗಡ್ಡೆಯಾದರೆ, ಆ ಗಡ್ಡೆಯು ಪಕ್ಕದ ಭಾಗವನ್ನು ನುಂಗುತ್ತ ದೂರಕ್ಕೂ ಬೀಜ ಚೆಲ್ಲಿದರೆ, ಅದೇ ಕ್ಯಾನ್ಸರ್. ದೊಡ್ಡವರ ಮೂತ್ರಪಿಂಡದ ಕ್ಯಾನ್ಸರುಗಳಲ್ಲಿ ಹತ್ತಕ್ಕೆ ಒಂಬತ್ತು ನಾನು ಮೇಲೆ ಹೇಳಿದ ಸಣ್ಣ ನಾಳಗಳ ಒಳಪದರದಲ್ಲಿ ಹುಟ್ಟುತ್ತವೆ. ಎಳೆಯ ಮಕ್ಕಳ ಮೂತ್ರಪಿಂಡಕ್ಕೆ ಬರುವ ಗಡ್ಡೆ ಬೇರೆ ಜಾತಿಯದು. ಅದರ ಮಾತು ಇಲ್ಲಿ ಬೇಡ.

ತೊಗರಿಯ ನೆಟೆ ರೋಗ ನಿಮಗೆ ಗೊತ್ತಿದ್ದದ್ದೇ. ೨೦೨೨ರ ಮುಂಗಾರಿನ ತೊಗರಿಗೆ ಅದು ಬಿದ್ದಾಗ ನಮ್ಮ ಜಿಲ್ಲೆಯ ರೈತರು ಪಟ್ಟ ಕಷ್ಟವನ್ನು ಯಾರೂ ಮರೆತಿಲ್ಲ. ಆ ರೋಗದ ಶಿಲೀಂಧ್ರ ಮಣ್ಣಿನಿಂದ ಬೇರಿಗೆ ಹೊಗುತ್ತದೆ. ಹೊರಗೆ ಗಿಡ ಹಸಿರಾಗಿಯೇ ಇರುತ್ತದೆ. ಹೂವು ಕಾಯಿಯ ಹೊತ್ತಿಗೆ ಗಿಡ ಬಾಡತೊಡಗಿದಾಗ ಕಾಂಡ ಸೀಳಿ ನೋಡಿದರೆ ಒಳಗೆ ಕಪ್ಪು ಗೆರೆ ಕಾಣುತ್ತದೆ. ಮೂತ್ರಪಿಂಡದ ಕ್ಯಾನ್ಸರು ಶಿಲೀಂಧ್ರದಿಂದ ಬರುವುದಲ್ಲ. ಆದರೆ ಅದು ಅಡಗಿ ಬೆಳೆಯುವ ರೀತಿ ಮಾತ್ರ ಹೀಗೆಯೇ.

ಅಡಗಲು ಅದಕ್ಕೆ ಮೂರು ಅನುಕೂಲಗಳಿವೆ. ಒಂದು, ಮೂತ್ರಪಿಂಡವು ದೇಹದ ಒಳಹೊಟ್ಟೆಯಲ್ಲಿ, ಕೊಬ್ಬಿನ ಹೊದಿಕೆಯೊಳಗೆ ಇದೆ; ಗಡ್ಡೆ ನಿಂಬೆಹಣ್ಣಿನಷ್ಟಾದರೂ ಕೈಗೆ ಸಿಗುವುದಿಲ್ಲ. ಎರಡು, ಒಂದು ಮೂತ್ರಪಿಂಡ ಕೆಟ್ಟರೆ ಇನ್ನೊಂದು ಸದ್ದಿಲ್ಲದೆ ಅದರ ಕೆಲಸವನ್ನೂ ಮಾಡುತ್ತದೆ. ಮೂತ್ರ ಸರಿಯಾಗಿಯೇ ಹೋಗುತ್ತದೆ, "ಕಿಡ್ನಿಯ ರಕ್ತ ಪರೀಕ್ಷೆ" ಮಾಡಿಸಿದರೂ ಅಂಕಿ ಸರಿಯಾಗಿಯೇ ಬರಬಹುದು. ಮೂರು, ಗಡ್ಡೆ ಚಿಕ್ಕದಿದ್ದಾಗ ನೋವು ಕೊಡುವುದಿಲ್ಲ. ನೋವು ಕಾವಲುನಾಯಿ ಇದ್ದಂತೆ. ಈ ಕಳ್ಳನನ್ನು ಕಂಡು ಆ ನಾಯಿ ಬೊಗಳುವುದಿಲ್ಲ.

ಗುರುತುಗಳು

ಮೊದಲನೆಯ ಮತ್ತು ಮುಖ್ಯ ಗುರುತು ಮೂತ್ರದಲ್ಲಿ ರಕ್ತ. ಅದು ಗುಲಾಬಿ, ಕೆಂಪು ಅಥವಾ ಚಹದ ಬಣ್ಣವಾಗಿ ಕಾಣಬಹುದು. ಕೆಲವು ಸಲ ಹೆಪ್ಪುಗಟ್ಟಿದ ಎಳೆಗಳೂ ಬರಬಹುದು. ಒಂದು ದಿನ ಬಂದು ತಿಂಗಳುಗಟ್ಟಲೆ ಕಾಣದೆ ಹೋಗುವುದು ಇದರ ಸ್ವಭಾವ. ಎರಡನೆಯದು, ಬೆನ್ನಿನ ಒಂದೇ ಪಕ್ಕೆಯಲ್ಲಿ ಬಿಡದೆ ಇರುವ ಮಂದ ನೋವು. ಮೂರನೆಯದು, ಪಕ್ಕೆಯಲ್ಲಿ ಅಥವಾ ಹೊಟ್ಟೆಯ ಒಂದು ಬದಿಯಲ್ಲಿ ಕೈಗೆ ಹತ್ತುವ ಗಡ್ಡೆ. ಈ ಮೂರೂ ಕೂಡಿ ಕಾಣಿಸಿಕೊಳ್ಳಲಿ ಎಂದು ಕಾಯಬಾರದು. ಮೂರೂ ಕೂಡಿ ಬರುವುದು ನೂರರಲ್ಲಿ ಹತ್ತು ಮಂದಿಗೂ ಕಡಿಮೆ. ಬಂದಾಗ ರೋಗ ಬಹುಮಟ್ಟಿಗೆ ಮುಂದುವರಿದಿರುತ್ತದೆ.

ಇವಲ್ಲದೆ, ಕಾರಣವಿಲ್ಲದೆ ತೂಕ ಇಳಿಯುವುದು, ವಾರಗಟ್ಟಲೆ ಬಿಡದ ಸಣ್ಣ ಜ್ವರ, ರಾತ್ರಿ ಬೆವರು, ರಕ್ತ ಕಡಿಮೆಯಾಗಿ ಬರುವ ನಿಶ್ಶಕ್ತಿ, ನಡುವಯಸ್ಸಿನ ಗಂಡಸಿಗೆ ವೃಷಣದ ಮೇಲ್ಭಾಗದಲ್ಲಿ ಹೊಸದಾಗಿ ಉಬ್ಬಿದ ನರಗಳು, ಇವೂ ಒಮ್ಮೊಮ್ಮೆ ಈ ರೋಗದ ಗುರುತುಗಳಾಗಿರುತ್ತವೆ. ರೋಗ ಹಬ್ಬಿದ ಮೇಲೆ ಬಿಡದ ಕೆಮ್ಮು ಅಥವಾ ಎಲುಬಿನ ನೋವು ಕಾಣಿಸಿಕೊಳ್ಳುತ್ತದೆ.

ತಾಯಂದಿರಿಗೆ ಒಂದು ವಿಶೇಷ ಮಾತು. ಮೂತ್ರದ ರಕ್ತವನ್ನು ನೀವು ಮುಟ್ಟಿನ ರಕ್ತವೆಂದು ತಿಳಿಯುವ ಸಂಭವವುಂಟು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಅದು ಎಲ್ಲಿಂದ ಬಂದರೂ ಪರೀಕ್ಷೆ ಮಾಡಿಸಬೇಕಾದದ್ದೇ. ಗಂಡನಿಗೋ ಮಗನಿಗೋ ಹೇಳಲು ಸಂಕೋಚವಾದರೆ ಊರ ಆಶಾ ಕಾರ್ಯಕರ್ತೆಗೆ ಹೇಳಿ. ಅವಳು ನಿಮ್ಮ ಊರಿನ ಹೆಣ್ಣುಮಗಳೇ.

ಕೆಂಪೆಲ್ಲ ಕ್ಯಾನ್ಸರಲ್ಲ

ಇಷ್ಟು ಕೇಳಿ ನೀವು ಗಾಬರಿಪಡಬೇಕಾಗಿಲ್ಲ. ಮೂತ್ರ ಕೆಂಪಾದವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಬೀಟ್‌ರೂಟ್ ತಿಂದರೆ ಮೂತ್ರ ಕೆಂಪಾಗಬಹುದು. ಕ್ಷಯರೋಗಕ್ಕೆ ಕೊಡುವ ಒಂದು ಔಷಧಿಯಿಂದ ಅದು ಕಿತ್ತಳೆ ಬಣ್ಣವಾಗುತ್ತದೆ; ಅದಕ್ಕೆ ಹೆದರಿ ಔಷಧಿ ಬಿಡಬಾರದು. ಬಿಸಿಲಲ್ಲಿ ದುಡಿದು ನೀರು ಕಡಿಮೆ ಕುಡಿದರೆ ಮೂತ್ರ ಗಾಢ ಹಳದಿಯಾಗುತ್ತದೆ. ಆದರೆ ಉಷ್ಣದಿಂದ ಹಳದಿಯಾಗುವುದು ಬೇರೆ, ರಕ್ತದಿಂದ ಕೆಂಪಾಗುವುದು ಬೇರೆ. ಮೂತ್ರದಲ್ಲಿ ಸೋಂಕಾದರೆ ಉರಿ, ಮತ್ತೆ ಮತ್ತೆ ಹೋಗಬೇಕೆನ್ನಿಸುವುದು, ಚಳಿಜ್ವರ ಇರುತ್ತವೆ. ಹರಳಾದರೆ ಮನುಷ್ಯ ನೆಲದ ಮೇಲೆ ಹೊರಳಾಡುವಂಥ ನೋವು ಬೆನ್ನಿನಿಂದ ತೊಡೆಸಂದಿಗೆ ಇಳಿಯುತ್ತದೆ.

ನಮ್ಮ ಭಾಗದಲ್ಲಿ ಹರಳಿನ ಉಪದ್ರವ ಎಲ್ಲರಿಗೂ ಪರಿಚಿತವಾದದ್ದು. ಆದುದರಿಂದಲೇ ಒಂದು ಮೋಸ ನಡೆಯುತ್ತದೆ. ಮೂತ್ರದಲ್ಲಿ ರಕ್ತವೆಂದೊಡನೆ "ಹರಳು ಇದ್ದೀತು" ಎಂದು ಮನೆಯವರೇ ತೀರ್ಪು ಕೊಟ್ಟು, ಕಷಾಯವನ್ನೋ ಪುಡಿಯನ್ನೋ ಆರಂಭಿಸುತ್ತಾರೆ. ನಾಲ್ಕು ದಿನಕ್ಕೆ ರಕ್ತ ನಿಂತರೆ "ಹರಳು ಬಿದ್ದುಹೋಯಿತು" ಎನ್ನುತ್ತಾರೆ. ಬಿದ್ದ ಹರಳನ್ನು ಕಂಡವರು ಯಾರು? ಹರಳೋ ಗಡ್ಡೆಯೋ ಎಂಬುದನ್ನು ಕಣ್ಣಿನಿಂದಾಗಲಿ ನಾಡಿಯಿಂದಾಗಲಿ ಹೇಳಲು ಬರುವುದಿಲ್ಲ. ಸ್ಕ್ಯಾನಿನಿಂದ ಮಾತ್ರ ಹೇಳಬಹುದು. ಮೂತ್ರಕೋಶದ ಕ್ಯಾನ್ಸರಿಗೂ ಮೊದಲ ಗುರುತು ಇದೇ ನೋವಿಲ್ಲದ ರಕ್ತ ಎಂಬುದನ್ನೂ ನೆನಪಿನಲ್ಲಿಡಿ.

ಯಾರಿಗೆ ಬರುತ್ತದೆ?

ಜಗತ್ತಿನಲ್ಲಿ ೨೦೨೨ರ ಒಂದೇ ವರ್ಷದಲ್ಲಿ ೪ ಲಕ್ಷ ೩೦ ಸಾವಿರಕ್ಕೂ ಹೆಚ್ಚು ಜನರಲ್ಲಿ ಈ ರೋಗ ಹೊಸದಾಗಿ ಕಂಡುಬಂದಿದೆಯೆಂದು ಅಂದಾಜು. ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಎರಡು ಪಾಲು ಹೆಚ್ಚು. ಐವತ್ತರಿಂದ ಎಪ್ಪತ್ತರ ವಯಸ್ಸಿನವರಲ್ಲಿ ವಿಶೇಷ. ನಲವತ್ತರ ಒಳಗಿನವರಿಗೂ ಬರುವುದುಂಟು.

ಇದಕ್ಕೆ ದಾರಿ ಮಾಡಿಕೊಡುವ ಮುಖ್ಯ ಸಂಗತಿಗಳು ಮೂರು: ಬೀಡಿ ಸಿಗರೇಟು, ಅತಿ ಬೊಜ್ಜು, ಬಹುಕಾಲದ ರಕ್ತದೊತ್ತಡ. ಬೀಡಿಯ ಹೊಗೆ ಎದೆಗೆ ಹೋಗುವುದು, ಮೂತ್ರಪಿಂಡಕ್ಕೇನು ಸಂಬಂಧ ಎಂದು ನೀವು ಕೇಳಬಹುದು. ಹೊಗೆಯ ವಿಷ ಎದೆಯಲ್ಲಿ ರಕ್ತಕ್ಕೆ ಸೇರುತ್ತದೆ. ರಕ್ತದ ವಿಷವನ್ನು ಸೋಸಿ ಹೊರಹಾಕುವುದು ಮೂತ್ರಪಿಂಡದ ಪಾಲಿಗೆ ಬಂದ ಕೆಲಸ. ವರ್ಷಗಟ್ಟಲೆ ವಿಷ ಸೋಸಿದ ಜರಡಿ ಕೆಡದೆ ಇದ್ದೀತೆ? ಬೀಡಿ ಬಿಟ್ಟವರಿಗೆ ಈ ಅಪಾಯ ವರ್ಷದಿಂದ ವರ್ಷಕ್ಕೆ ಇಳಿಯುತ್ತ ಹೋಗುತ್ತದೆ ಎಂಬುದು ಸಮಾಧಾನದ ಮಾತು. ರಕ್ತದೊತ್ತಡವನ್ನು ಮೂವತ್ತು ದಾಟಿದವರಿಗೆಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ನೋಡುತ್ತಾರೆ, ವರ್ಷಕ್ಕೊಮ್ಮೆಯಾದರೂ ನೋಡಿಸಿಕೊಳ್ಳಿ. ತಂದೆತಾಯಿ ಅಥವಾ ಒಡಹುಟ್ಟಿದವರಿಗೆ ಈ ರೋಗ ಬಂದಿದ್ದರೆ, ಅಥವಾ ಬಹುಕಾಲ ಡಯಾಲಿಸಿಸ್ ಮಾಡಿಸಿಕೊಂಡವರಾಗಿದ್ದರೆ, ಡಾಕ್ಟರರಿಗೆ ತಪ್ಪದೆ ತಿಳಿಸಿ.

ಈ ರೋಗ ಅಂಟುರೋಗವಲ್ಲ. ರೋಗಿಯೊಡನೆ ಕೂಡಿ ಉಂಡರೆ, ಒಂದೇ ಚೊಂಬಿನ ನೀರು ಕುಡಿದರೆ ಬರುವುದಿಲ್ಲ. ಇದು ಯಾರ ಪಾಪದ ಫಲವೂ ಅಲ್ಲ, ಯಾರೂ ಮಾಡಿಸಿದ್ದೂ ಅಲ್ಲ. ಬೀಡಿ ಮುಟ್ಟದ, ಬೊಜ್ಜಿಲ್ಲದ ಮನುಷ್ಯನಿಗೂ ಬರಬಹುದು. ಆದುದರಿಂದ ರೋಗಿಯನ್ನು ದೂರುವುದು ಬೇಡ.

ಕಳೆಯ ಬೀಜದ ಕಥೆ

ಗಿಡಮೂಲಿಕೆಯ ವಿಷಯದಲ್ಲಿ ಒಂದು ಎಚ್ಚರಿಕೆ ಹೇಳಬೇಕಾಗಿದೆ. ಅದಕ್ಕೆ ಮೊದಲು ರೈತರಿಗೆ ಸಂಬಂಧಪಟ್ಟ ಒಂದು ನಿಜ ಸಂಗತಿಯನ್ನು ಕೇಳಿ. ಯೂರೋಪಿನಲ್ಲಿ ಡ್ಯಾನ್ಯೂಬ್ ಎಂಬ ದೊಡ್ಡ ನದಿಯಿದೆ. ಅದಕ್ಕೆ ಸೇರುವ ಉಪನದಿಗಳ ದಂಡೆಯಲ್ಲಿ ಬೋಸ್ನಿಯಾ, ಕ್ರೊಯೇಷಿಯಾ, ಸರ್ಬಿಯಾ, ಬಲ್ಗೇರಿಯಾ, ರುಮೇನಿಯಾ ದೇಶಗಳ ಕೆಲವು ಒಕ್ಕಲುತನದ ಹಳ್ಳಿಗಳಿವೆ. ಅಲ್ಲಿ ಕೆಲವು ಮನೆತನಗಳಲ್ಲಿ ನಡುವಯಸ್ಸಿಗೆ ಮೂತ್ರಪಿಂಡ ಬತ್ತಿಹೋಗುವುದೂ, ಮೂತ್ರ ಇಳಿಯುವ ನಾಳದಲ್ಲಿ ಕ್ಯಾನ್ಸರ್ ಹುಟ್ಟುವುದೂ ೧೯೫೦ರ ದಶಕದಿಂದ ವೈದ್ಯರ ಗಮನಕ್ಕೆ ಬಂದಿತ್ತು. ನೀರನ್ನು ಶಂಕಿಸಿದರು, ಬೂಷ್ಟನ್ನು ಶಂಕಿಸಿದರು. ಕಡೆಗೆ ೨೦೦೭ರ ಹೊತ್ತಿಗೆ ಗುಟ್ಟು ರಟ್ಟಾಯಿತು. ಗೋಧಿಯ ಹೊಲದಲ್ಲಿ ಬೆಳೆಯುತ್ತಿದ್ದ ಒಂದು ಕಳೆಯ ಬೀಜ ಗೋಧಿಯೊಡನೆಯೇ ಕೊಯ್ಲಾಗಿ, ಹಿಟ್ಟಾಗಿ, ರೊಟ್ಟಿಯಾಗಿ ವರ್ಷಗಟ್ಟಲೆ ಹೊಟ್ಟೆಗೆ ಹೋಗುತ್ತಿತ್ತು. ಕಳೆಯ ವಿಷ ಮೂತ್ರಪಿಂಡಕ್ಕೆ ಬಡಿಯುತ್ತಿತ್ತು.

ಈ ಕಥೆ ನಮಗೇಕೆ? ಆ ಕಳೆ ಯಾವ ಕುಲದ್ದೋ, ಅದೇ ಕುಲಕ್ಕೆ ಸೇರಿದ್ದು ನಮ್ಮ ಈಶ್ವರಿ ಬಳ್ಳಿ. ಹಾವಿನ ವಿಷಕ್ಕೆಂದೂ ಬೇರೆ ಬೇರೆ ಬೇನೆಗಳಿಗೆಂದೂ ಅದರ ಬೇರನ್ನು ತೇಯ್ದು ಕುಡಿಸುವ ರೂಢಿ ಹಲವು ಕಡೆ ಇದೆ. ಈ ಕುಲದ ಗಿಡಗಳಿಂದ ಮಾಡಿದ ಔಷಧಿಯು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಸ್ಪಷ್ಟವಾಗಿ ಹೇಳಿದೆ. ಆದುದರಿಂದ ಅದನ್ನು ಹೊಟ್ಟೆಗೆ ತೆಗೆದುಕೊಳ್ಳಬೇಡಿ. ಹೆಸರು ಹೇಳದ ಪುಡಿ, ಭಸ್ಮಗಳನ್ನೂ ನುಂಗಬೇಡಿ. ಮೈಕೈ ನೋವಿಗೆಂದು ಅಂಗಡಿಯಿಂದ ತಂದ ನೋವಿನ ಗುಳಿಗೆಯನ್ನು ದಿನವೂ ತಿನ್ನುವುದರಿಂದಲೂ ಮೂತ್ರಪಿಂಡ ಕೆಡುತ್ತದೆ.

ಏನು ಮಾಡಬೇಕು?

ಬಾಯಿ, ಸ್ತನ, ಗರ್ಭಕೊರಳು ಇವುಗಳ ಕ್ಯಾನ್ಸರನ್ನು ರೋಗದ ಗುರುತು ಕಾಣುವ ಮೊದಲೇ ಹುಡುಕುವ ಏರ್ಪಾಡು ಸರ್ಕಾರದ ಆರೋಗ್ಯ ಕೇಂದ್ರಗಳಲ್ಲಿದೆ. ಮೂತ್ರಪಿಂಡಕ್ಕೆ ಅಂಥ ಏರ್ಪಾಡಿಲ್ಲ. ಜೋಳದ ಹೊಲದಲ್ಲಿ ಅಟ್ಟದ ಮೇಲೆ ಕೂತು ಹಕ್ಕಿ ಕಾಯುವವನಂತೆ ಇಲ್ಲಿ ನಿಮ್ಮ ದೇಹಕ್ಕೆ ನೀವೇ ಕಾವಲುಗಾರರು.

ಮೂತ್ರದಲ್ಲಿ ರಕ್ತ ಕಂಡ ದಿನವೇ ಅಥವಾ ಮರುದಿನವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಮೂತ್ರ ಪರೀಕ್ಷೆ ಮಾಡಿಸಿ. ಯಾವ ದಿನ ಕಂಡಿತು, ಎಷ್ಟು ಸಲ, ನೋವಿತ್ತೋ ಇಲ್ಲವೋ ಎಂಬುದನ್ನು ಹೇಳಿ. ಪರೀಕ್ಷೆಯ ದಿನ ರಕ್ತ ನಿಂತಿದ್ದರೂ ಹೇಳಲು ಮರೆಯಬೇಡಿ. ನೀವು ಹೇಳದಿದ್ದರೆ ಡಾಕ್ಟರರಿಗೆ ತಿಳಿಯುವುದು ಹೇಗೆ? ಅನಂತರ ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕು. ಇದು ಶಬ್ದದ ಅಲೆಗಳಿಂದ ಒಳಗಿನ ಚಿತ್ರ ತೆಗೆಯುವ ಉಪಾಯ. ನೋವಿಲ್ಲ, ಸೂಜಿಯಿಲ್ಲ, ಹದಿನೈದು ನಿಮಿಷದ ಕೆಲಸ. ಗಡ್ಡೆ ಕಂಡರೆ ಅದರ ಗಾತ್ರ, ಹಬ್ಬುವಿಕೆ ತಿಳಿಯಲು ಸಿ.ಟಿ. ಸ್ಕ್ಯಾನ್ ಮಾಡುತ್ತಾರೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಅಲ್ಲಿಂದಲೇ ಚೀಟಿ ಪಡೆದು ಕಲಬುರಗಿಗೆ ಹೋಗಬೇಕು. ಅಲ್ಲಿ ಸರ್ಕಾರಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಿದೆ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಶಾಖೆಯಾದ ಕ್ಯಾನ್ಸರ್ ಕೇಂದ್ರವೂ ಇದೆ. ಇನ್ನೂ ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿನಲ್ಲಿ ೧೯೭೩ರಲ್ಲಿ ಆರಂಭವಾದ ಮೂಲ ಕಿದ್ವಾಯಿ ಸಂಸ್ಥೆಯೂ, ಮೂತ್ರಪಿಂಡದ ರೋಗಗಳಿಗೆಂದೇ ಇರುವ ಸರ್ಕಾರದ ನೆಫ್ರೋ ಯೂರಾಲಜಿ ಸಂಸ್ಥೆಯೂ ಇವೆ.

ಒಂದು ಮೂತ್ರಪಿಂಡದಿಂದ ಬದುಕಲಾದೀತೆ?

ಗಡ್ಡೆ ಮೂತ್ರಪಿಂಡದೊಳಗೇ ಇದ್ದರೆ ಚಿಕಿತ್ಸೆ ಶಸ್ತ್ರಕ್ರಿಯೆ. ಗಡ್ಡೆ ಚಿಕ್ಕದಾಗಿ, ಸುಮಾರು ನಾಲ್ಕು ಸೆಂಟಿಮೀಟರಿನೊಳಗಿದ್ದರೆ ಬಹಳ ಮಟ್ಟಿಗೆ ಅಷ್ಟು ಭಾಗವನ್ನು ಮಾತ್ರ ಕತ್ತರಿಸಿ, ಉಳಿದ ಮೂತ್ರಪಿಂಡವನ್ನು ಉಳಿಸಲು ಸಾಧ್ಯ. ದೊಡ್ಡದಾಗಿದ್ದರೆ ಆ ಕಡೆಯ ಮೂತ್ರಪಿಂಡವನ್ನೇ ತೆಗೆಯುತ್ತಾರೆ. ಇಲ್ಲಿ ಜನರಿಗೆ ದೊಡ್ಡ ಅಂಜಿಕೆ: "ಒಂದು ಕಿಡ್ನಿ ತೆಗೆದರೆ ಮನುಷ್ಯ ಉಳಿದಾನೆಯೆ? ಉಳಿದರೂ ಕೆಲಸಕ್ಕೆ ಬಂದಾನೆಯೆ?"

ಈ ಪ್ರಶ್ನೆಗೆ ಉತ್ತರ ಸಿಕ್ಕು ೧೫೦ ವರ್ಷಗಳೇ ಆದವು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗುಸ್ತಾವ್ ಸೈಮನ್ ಎಂಬ ಶಸ್ತ್ರವೈದ್ಯನು ೧೮೬೯ನೆಯ ಆಗಸ್ಟ್ ೨ರಂದು, ಮೂತ್ರನಾಳ ಕೆಟ್ಟು ಕಷ್ಟಪಡುತ್ತಿದ್ದ ಒಬ್ಬ ಹೆಂಗಸಿನ ಒಂದು ಮೂತ್ರಪಿಂಡವನ್ನು ತೆಗೆದನು. ಅದಕ್ಕೆ ಮೊದಲು ನಾಯಿಗಳ ಮೇಲೆ ಪ್ರಯೋಗ ಮಾಡಿ, ಒಂದೇ ಮೂತ್ರಪಿಂಡ ಸಾಕೆಂದು ಖಚಿತಪಡಿಸಿಕೊಂಡಿದ್ದನು. ಆ ಹೆಂಗಸು ಗುಣಹೊಂದಿ ವರ್ಷಗಟ್ಟಲೆ ಬದುಕಿದಳು. ನಮ್ಮ ದೇಶದಲ್ಲಿಯೇ ೧೯೭೧ರಲ್ಲಿ ವೆಲ್ಲೂರಿನಲ್ಲಿ ಮೂತ್ರಪಿಂಡದ ಬದಲಾವಣೆ ಯಶಸ್ವಿಯಾದಂದಿನಿಂದ ಎಷ್ಟೋ ತಾಯಂದಿರು ಮಕ್ಕಳಿಗೆ ತಮ್ಮ ಒಂದು ಮೂತ್ರಪಿಂಡ ಕೊಟ್ಟು, ಇನ್ನೊಂದರಿಂದ ಸಂಸಾರ ನಡೆಸಿಕೊಂಡು ಬಂದಿದ್ದಾರೆ. ಶಸ್ತ್ರಕ್ರಿಯೆಯ ಗಾಯ ಮಾಯುವವರೆಗೆ, ಅಂದರೆ ಒಂದೂವರೆ ತಿಂಗಳ ಮಟ್ಟಿಗೆ, ಚೀಲ ಎತ್ತುವಂಥ ಭಾರದ ಕೆಲಸ ಮಾಡಬಾರದು. ಆಮೇಲೆ ಡಾಕ್ಟರರನ್ನು ಕೇಳಿ ಮತ್ತೆ ಹೊಲದ ಕೆಲಸಕ್ಕೆ ಹೋಗಬಹುದು. ಉಳಿದ ಮೂತ್ರಪಿಂಡವನ್ನು ಕಾಪಾಡಲು ರಕ್ತದೊತ್ತಡ, ಸಕ್ಕರೆ ಹದದಲ್ಲಿರಬೇಕು. ಹೇಳಿದ ದಿನಕ್ಕೆ ತಪ್ಪದೆ ಮರುಪರೀಕ್ಷೆಗೆ ಹೋಗಬೇಕು.

ಬೇಗ ಹೋದವನಿಗೂ ತಡವಾಗಿ ಹೋದವನಿಗೂ ಎಷ್ಟು ಅಂತರವೆಂಬುದನ್ನು ಅಮೆರಿಕ ದೇಶದ ಲೆಕ್ಕ ತೋರಿಸುತ್ತದೆ. ರೋಗ ಮೂತ್ರಪಿಂಡದೊಳಗೇ ಇದ್ದಾಗ ಸಿಕ್ಕವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಐದು ವರ್ಷದ ಮೇಲೂ ಬದುಕಿರುತ್ತಾರೆ. ದೂರಕ್ಕೆ ಹಬ್ಬಿದ ಮೇಲೆ ಸಿಕ್ಕವರಲ್ಲಿ ಇಪ್ಪತ್ತು ಮಂದಿಯೂ ಇಲ್ಲ. ಹಬ್ಬಿದ ರೋಗಕ್ಕೆ ಔಷಧಿಯೇ ಇಲ್ಲವೆಂದಲ್ಲ. ಹಳೆಯ ಕ್ಯಾನ್ಸರ್ ಔಷಧಿಗಳು ಈ ರೋಗಕ್ಕೆ ಅಷ್ಟಾಗಿ ತಗುಲುತ್ತಿರಲಿಲ್ಲ. ೨೦೦೬ರ ಈಚೆಗೆ ಗಡ್ಡೆಯ ರಕ್ತನಾಳಗಳನ್ನು ತಡೆಯುವ ಗುಳಿಗೆಗಳೂ, ದೇಹದ ಸ್ವಂತ ಕಾವಲುಪಡೆಯನ್ನು ಎಚ್ಚರಿಸುವ ಸೂಜಿಮದ್ದುಗಳೂ ಬಂದು ಆಯುಷ್ಯವನ್ನು ಬೆಳೆಸಿವೆ. ಆದರೆ ಅವು ಬೆಲೆಯುಳ್ಳವು, ಬಹುಕಾಲ ಬೇಕಾಗುವಂಥವು. ಚಿಕ್ಕ ಗಡ್ಡೆಯನ್ನು ಒಂದು ಸಲ ಕತ್ತರಿಸಿ ತೆಗೆಯುವುದಕ್ಕೆ ಸಮನಾದುದು ಯಾವುದೂ ಇಲ್ಲ.

ಖರ್ಚಿನ ಮಾತು

"ಕ್ಯಾನ್ಸರ್ ಎಂದರೆ ಹೊಲ ಮಾರಬೇಕು" ಎಂಬ ಮಾತು ನಮ್ಮಲ್ಲಿ ಬಲವಾಗಿದೆ. ಆ ಅಂಜಿಕೆಯಿಂದಲೇ ಎಷ್ಟೋ ಹಿರಿಯರು ಮಕ್ಕಳಿಗೆ ಭಾರವಾಗಬಾರದೆಂದು ಗುರುತನ್ನು ಬಚ್ಚಿಡುತ್ತಾರೆ. ಇದು ಪ್ರೀತಿಯೇ ಸರಿ. ಆದರೆ ತಪ್ಪು ಲೆಕ್ಕದ ಪ್ರೀತಿ.

ಬಡವರ ದೊಡ್ಡ ರೋಗಗಳಿಗೆ ಸರ್ಕಾರವೇ ಆಸ್ಪತ್ರೆಗೆ ಹಣ ಕೊಡುವ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದಲ್ಲಿ ಮೊತ್ತಮೊದಲು ೨೦೧೦ರಲ್ಲಿ ಆರಂಭವಾದದ್ದು ನಮ್ಮ ಗುಲ್ಬರ್ಗ ವಿಭಾಗದಲ್ಲಿಯೇ. ಯೋಜನೆಯಿದ್ದ ಹಳ್ಳಿಗಳನ್ನೂ ಗಡಿಯಾಚೆಯ ಯೋಜನೆಯಿಲ್ಲದ ಹಳ್ಳಿಗಳನ್ನೂ ಹೋಲಿಸಿ ನೋಡಿದ ಒಂದು ಅಧ್ಯಯನ ೨೦೧೪ರಲ್ಲಿ ಪ್ರಕಟವಾಯಿತು. ಯೋಜನೆಯಿದ್ದ ಹಳ್ಳಿಗಳ ಬಡಕುಟುಂಬಗಳಲ್ಲಿ ಇಂಥ ರೋಗಗಳಿಂದಾಗುವ ಸಾವು ಕಡಿಮೆಯಿತ್ತು. ಆ ಯೋಜನೆ ೨೦೧೮ರಲ್ಲಿ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕೂಡಿಕೊಂಡಿತು. ಇದರಲ್ಲಿ ಬಡತನದ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ವರ್ಷಕ್ಕೆ ೫ ಲಕ್ಷ ರೂಪಾಯಿವರೆಗೆ ಚಿಕಿತ್ಸೆಯುಂಟು. ಉಳಿದವರಿಗೆ ಯೋಜನೆಯ ದರದಲ್ಲಿ ನೂರಕ್ಕೆ ೩೦ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ ನೆರವುಂಟು. ಪಡಿತರ ಚೀಟಿ, ಆಧಾರ್ ಚೀಟಿ ಕೂಡಿಸಿಟ್ಟುಕೊಳ್ಳಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ. ಬೇರೆಡೆಗೆ ಹೋಗಬೇಕಾದಾಗ ಅಲ್ಲಿಯ ಶಿಫಾರಸು ಚೀಟಿ ಬೇಕಾಗುತ್ತದೆ. ಎತ್ತು ಮಾರುವ ಮೊದಲು ಇಷ್ಟನ್ನು ವಿಚಾರಿಸಿ.

ಬಾರ್ಶಿಯ ಪಾಠ

ಹಳ್ಳಿಯವರಿಗೆ ಭಾಷಣ ಮಾಡಿದರೆ ಕ್ಯಾನ್ಸರ್ ಕಡಿಮೆಯಾದೀತೆ ಎಂದು ನಗುವವರಿದ್ದಾರೆ. ಅವರಿಗೆ ಉತ್ತರ ನಮ್ಮ ನೆರೆಯಲ್ಲಿಯೇ ಇದೆ. ಆಳಂದ, ಅಫಜಲಪುರದವರಿಗೆ ಅಕ್ಕಲಕೋಟೆ, ಸೊಲ್ಲಾಪುರ ಪರಊರುಗಳಲ್ಲ. ಅದೇ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ೧೯೮೭ರಲ್ಲಿ ದೇಶದ ಮೊದಲ ಗ್ರಾಮೀಣ ಕ್ಯಾನ್ಸರ್ ನೋಂದಣಿ ಆರಂಭವಾಯಿತು. ಅಲ್ಲಿಯ ಕಾರ್ಯಕರ್ತರು ಬರಿಯ ಲೆಕ್ಕ ಬರೆದುಕೊಳ್ಳಲಿಲ್ಲ. ಹಳ್ಳಿಹಳ್ಳಿಗೆ ಹೋಗಿ, ಜನರನ್ನು ಕೂಡಿಸಿ, ಯಾವ ಗುರುತು ಕಂಡರೆ ಆಸ್ಪತ್ರೆಗೆ ಬರಬೇಕೆಂಬುದನ್ನು ತಿಳಿಸಿದರು. ಕೆಲವೇ ವರ್ಷಗಳಲ್ಲಿ, ಗರ್ಭಕೊರಳಿನ ಕ್ಯಾನ್ಸರ್ ಆದ ಹೆಂಗಸರಲ್ಲಿ ಮೊದಲ ಹಂತದಲ್ಲಿಯೇ ಆಸ್ಪತ್ರೆಗೆ ಬಂದವರ ಪಾಲು ಹೆಚ್ಚಿತು. ಹೊಸ ಔಷಧಿ ಬರಲಿಲ್ಲ, ಹೊಸ ಯಂತ್ರ ಬರಲಿಲ್ಲ. ತಿಳಿವಳಿಕೆ ಬಂದಿತು, ಜನ ಬೇಗ ಬಂದರು. ಅಲ್ಲಿಯ ಒಕ್ಕಲುಮಕ್ಕಳಿಗೆ ಆದದ್ದು ಭೀಮೆ, ಅಮರ್ಜೆಯ ದಂಡೆಯ ನಮಗೆ ಆಗದೆ?

ಕೊನೆಯ ಮಾತು

ಬಂಧುಗಳೆ, ನಾನು ಹೇಳಿದ್ದೆಲ್ಲ ಮರೆತರೂ ಮೂರು ಮಾತು ನೆನಪಿಡಿ. ಮೂತ್ರ ಕೆಂಪಾಗಿ ಕಂಡರೆ ಒಂದೇ ಸಲವಾದರೂ, ನೋವಿಲ್ಲದಿದ್ದರೂ, ತಾನಾಗಿ ನಿಂತರೂ ಪರೀಕ್ಷೆ ಮಾಡಿಸಿ. ಸ್ಕ್ಯಾನ್ ನೋಡದೆ "ಹರಳು" ಎಂದು ತೀರ್ಪು ಕೊಡಬೇಡಿ. ಬೀಡಿ ಬಿಡಿ, ರಕ್ತದೊತ್ತಡ ನೋಡಿಸಿಕೊಳ್ಳಿ.

ಇಂದು ರಾತ್ರಿ ರೊಟ್ಟಿ ಉಣ್ಣುವಾಗ ಮನೆಯ ಹಿರಿಯರನ್ನು ಒಮ್ಮೆ ಕೇಳಿ: "ಎಂದಾದರೂ ಹೀಗೆ ಆಗಿತ್ತೆ?" ಅವರು ತಾವಾಗಿ ಹೇಳುವುದಿಲ್ಲ, ಕೇಳಿದರೆ ಹೇಳಿಯಾರು. "ಹೌದು, ಹೋದ ಬೇಸಿಗೆಯಲ್ಲಿ ಒಮ್ಮೆ ಆಗಿತ್ತು" ಎಂದರೆ ರಾಶಿ ಮುಗಿಯಲಿ, ಜಾತ್ರೆ ಮುಗಿಯಲಿ ಎನ್ನದೆ ನಾಳೆಯೇ ಕರೆದುಕೊಂಡು ಹೋಗಿ. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಗೊತ್ತಾದರೆ ಒಂದು ದಿನದ ಕೂಲಿ ಹೋಯಿತು, ಅಷ್ಟೇ. ಏನಾದರೂ ಇದ್ದು ಬೇಗ ಸಿಕ್ಕರೆ ಮನೆಯ ಹಿರಿಯ ಜೀವ ಉಳಿಯಿತು.